ಸರ್ಫೇಸ್ ಮಾದರಿಯನ್ನು ಬಿಡಿ ಸಾಲಿಡ್ ಭಾಗಗಳಾಗಿ ವಿಭಜಿಸುವ ಕ್ರಮ

ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಟೂಲ್‌ರೂಮುಗಳಿಗೆ (ಅಚ್ಚು, ಡೈ ತಯಾರಿಸುವ ಕಾರ್ಯಾಗಾರಗಳಿಗೆ) ಗ್ರಾಹಕರು ಕಳುಹಿಸುವ ಐಜಿಇಎಸ್ (ಕ್ಯಾಡ್, ಅಂದರೆ ಕಂಪ್ಯೂಟರ್ ವಿನ್ಯಾಸದ ತಂತ್ರಾಂಶಗಳ ನಡುವೆ ಮಾದರಿ ಸಾಗಿಸುವ ನಮೂನೆ) ಫೈಲುಗಳಲ್ಲಿ ಎಷ್ಟೋ ಬಾರಿ ವಸ್ತುವಿನ ಹೊರಮೈ ಮಾತ್ರ ಇರುತ್ತದೆ. ತೆರೆಯ ಮೇಲೆ ಅದು ಗಟ್ಟಿ ವಸ್ತುವಿನಂತೆ ಕಂಡರೂ ವಾಸ್ತವದಲ್ಲಿ ದಪ್ಪವೇ ಇಲ್ಲದ ಮುಖಗಳ ಗುಂಪಾಗಿರುವುದರಿಂದ, ಹಾಗೆಯೇ ಕತ್ತರಿಸಿದರೆ ದೊರೆಯುವುದು ತುಂಡು ಮುಖಗಳೇ ಹೊರತು ಭಾಗಗಳಲ್ಲ. ಮೊದಲು ಆ ಹೊರಮೈಯನ್ನು ಮುಚ್ಚಿ ಸಾಲಿಡ್ (ಒಳಗೆ ತುಂಬಿದ ಗಟ್ಟಿ ಮಾದರಿ) ಮಾಡಬೇಕು, ನಂತರ ವಿಭಜಿಸಬೇಕು. ಗ್ರಾಹಕರ ಬಳಿ ಮೂಲ ಮಾದರಿ ಇದ್ದರೆ ಸಾಲಿಡ್ ಮಾದರಿಯನ್ನು ಹಾಗೆಯೇ ಒಯ್ಯಬಲ್ಲ ಸ್ಟೆಪ್ ಫೈಲನ್ನು ಕೇಳಿ ಪಡೆಯುವುದು ಎಲ್ಲಕ್ಕಿಂತ ಸುಲಭ. ಮುಂದಿನ ಅರ್ಧ ಕೆಲಸ ಬೇಕಾಗದೆಯೇ ಹೋಗಬಹುದು.

ಉಚಿತವಾಗಿ ದೊರೆಯುವ ಕ್ಯಾಡ್ ತಂತ್ರಾಂಶ ಫ್ರೀಕ್ಯಾಡ್‌ನಲ್ಲಿ ಪಾರ್ಟ್ ವರ್ಕ್‌ಬೆಂಚ್ ತೆರೆದು, ಶೇಪ್ ಬಿಲ್ಡರ್‌ನಲ್ಲಿ ಎಲ್ಲ ಮುಖಗಳನ್ನೂ ಆರಿಸಿ ಮೊದಲು ಶೆಲ್ (ಒಂದಕ್ಕೊಂದು ಹೊಲಿದ ಮುಖಗಳ ಹೊದಿಕೆ), ಆಮೇಲೆ ಆ ಶೆಲ್‌ನಿಂದ ಸಾಲಿಡ್ ರಚಿಸಬೇಕು. ಸಾಲಿಡ್‌ವರ್ಕ್ಸ್‌ನಲ್ಲಿ ಇದೇ ಕೆಲಸವನ್ನು ನಿಟ್ ಸರ್ಫೇಸ್ ಆಜ್ಞೆಯೂ ಅದರೊಳಗಿನ ಕ್ರಿಯೇಟ್ ಸಾಲಿಡ್ ಆಯ್ಕೆಯೂ ಮಾಡುತ್ತವೆ. ಸಾಲಿಡ್ ಆಗಲು ನಿರಾಕರಿಸಿದರೆ ಎಲ್ಲೋ ಬಿರುಕು ಉಳಿದಿದೆ ಎಂದೇ ಬಹುಪಾಲು ಅರ್ಥ. ಆಗ ಟಾಲರೆನ್ಸ್ (ಎಷ್ಟು ಅಂತರವನ್ನು ಮುಚ್ಚಿದಂತೆ ಎಣಿಸಬೇಕೆಂಬ ಮಿತಿ) ಏರಿಸಿ ಬಿರುಕನ್ನು ನುಂಗಿಸುವ ಆಸೆ ಹುಟ್ಟುವುದು ಸಹಜ. ಆದರೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಂತರಕ್ಕೆ ಅದು ನಡೆದೀತು, ಕಣ್ಣಿಗೆ ಕಾಣುವ ತೆರವಿಗೆ ಸಲ್ಲದು. ಅಂಥ ಕಡೆ ಅಂಚುಗಳನ್ನು ಆರಿಸಿ, ಫ್ರೀಕ್ಯಾಡ್‌ನ ಸರ್ಫೇಸ್ ವರ್ಕ್‌ಬೆಂಚಿನ ಫಿಲ್ಲಿಂಗ್‌ನಿಂದಲೋ ಸಾಲಿಡ್‌ವರ್ಕ್ಸ್‌ನ ಫಿಲ್ಡ್ ಸರ್ಫೇಸ್‌ನಿಂದಲೋ ಹೊಸ ಮುಖವನ್ನು ಕಟ್ಟಿ ಮತ್ತೆ ಹೊಲಿಯುವುದೇ ಸರಿಯಾದ ದಾರಿ. ಚೆಕ್ ಜಿಯೋಮೆಟ್ರಿ ದೋಷ ತೋರಿಸುತ್ತಿರುವವರೆಗೆ ಮುಂದಿನ ಹೆಜ್ಜೆ ಇಡಬಾರದು.

ಮಡ್‌ಗಾರ್ಡ್‌ನಂತಹ ತೆರೆದ ಆಕೃತಿಯನ್ನು ಮುಚ್ಚುವ ಪ್ರಶ್ನೆಯೇ ಇಲ್ಲ. ಅದಕ್ಕೆ ದಪ್ಪ ಕೊಡಬೇಕು. ಫ್ರೀಕ್ಯಾಡ್‌ನಲ್ಲಿ ತ್ರೀಡಿ ಆಫ್‌ಸೆಟ್‌ನ ಫಿಲ್ ಆಯ್ಕೆಯಿಂದ, ಸಾಲಿಡ್‌ವರ್ಕ್ಸ್‌ನಲ್ಲಿ ಥಿಕನ್‌ನಿಂದ ಇದು ಸಾಧ್ಯ. ಒಳಬಾಗಿನ ತ್ರಿಜ್ಯ 2 ಮಿ.ಮೀ. ಇರುವಲ್ಲಿ ಅದೇ ಬದಿಗೆ 2.5 ಮಿ.ಮೀ. ದಪ್ಪ ಕೇಳಿದರೆ ಮೇಲ್ಮೈ ತನ್ನನ್ನೇ ದಾಟುವುದರಿಂದ ಆಜ್ಞೆ ಸಾಮಾನ್ಯವಾಗಿ ವಿಫಲವಾಗುತ್ತದೆ. ಹೊರಬದಿಗೆ ದಪ್ಪ ಕೊಡಿ, ಇಲ್ಲವೇ ದಪ್ಪವನ್ನು ತಗ್ಗಿಸಿ. ಮುಖಗಳನ್ನು ಮೊದಲೇ ಕತ್ತರಿಸಿ ಆಮೇಲೆ ಒಂದೊಂದಕ್ಕೂ ದಪ್ಪ ಕೊಡುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಚೂಪಾದ ಮೂಲೆಗಳಲ್ಲಿ ತುಂಡುಗಳ ನಡುವೆ ಬೆಣೆಯಾಕಾರದ ಸಂದು ಬೀಳುತ್ತದೆ.

ವಿಭಜನೆಗೆ ಒಂದು ಕತ್ತರಿಸುವ ಮೇಲ್ಮೈ ಬೇಕು. ಸ್ಕೆಚ್‌ನಲ್ಲಿ ರೇಖೆಯನ್ನೋ ವಕ್ರವನ್ನೋ ಎಳೆದು, ಅದನ್ನು ಒಂದು ದಿಕ್ಕಿಗೆ ಚಾಚಿ ಮೇಲ್ಮೈಯಾಗಿಸುವ ಎಕ್ಸ್‌ಟ್ರೂಡ್ ಮಾಡಿ, ಅದು ಸಾಲಿಡ್‌ನ ಎಲ್ಲ ಬದಿಗಳಿಂದಲೂ ಸ್ವಲ್ಪ ಹೊರಚಾಚುವಂತೆ ನೋಡಿಕೊಳ್ಳಿ. ಫ್ರೀಕ್ಯಾಡ್‌ನಲ್ಲಿ ಮೊದಲು ಸಾಲಿಡ್, ನಂತರ ಮೇಲ್ಮೈ, ಈ ಕ್ರಮದಲ್ಲೇ ಆರಿಸಿ ಸ್ಲೈಸ್ ಅಪಾರ್ಟ್ ಒತ್ತಬೇಕು. ಸಾಲಿಡ್‌ವರ್ಕ್ಸ್‌ನಲ್ಲಿ ಸ್ಪ್ಲಿಟ್ ಆಜ್ಞೆಯೊಳಗೇ ಪ್ರತಿ ತುಂಡಿಗೂ ಹೆಸರಿಟ್ಟು ಬೇರೆ ಫೈಲಾಗಿ ಉಳಿಸಬಹುದು.

ತುಂಡುಗಳ ಘನ ಅಳತೆಗಳನ್ನು (ವಾಲ್ಯೂಮ್) ಕೂಡಿ ಮೂಲ ಸಾಲಿಡ್‌ನ ಅಳತೆಗೆ ಹೋಲಿಸಿ; ವ್ಯತ್ಯಾಸ ಕಂಡರೆ ಯಾವುದೋ ತುಂಡು ಕಳೆದಿದೆ ಅಥವಾ ಸಾಲಿಡ್ ಆಗದೆ ಉಳಿದಿದೆ. ವಿಭಜನೆಯಿಂದ ಬಂದ ಮುಖಗಳ ನಡುವೆ ಅಂತರ ಶೂನ್ಯವಾದ್ದರಿಂದ, ಒಂದರೊಳಗೊಂದು ಕೂರಬೇಕಾದ ಭಾಗಗಳಿಗೆ ಬೇಕಾದ ಕ್ಲಿಯರೆನ್ಸನ್ನು (ಸಡಿಲ ಅಂತರವನ್ನು) ಈ ಹೋಲಿಕೆ ಮುಗಿದ ಮೇಲೆಯೇ ಕೊಟ್ಟು, ಪ್ರತಿ ಭಾಗವನ್ನೂ ಬೇರೆ ಬೇರೆ ಸ್ಟೆಪ್ ಫೈಲಾಗಿ ಹೊರತೆಗೆಯಿರಿ.