ಡಿಸ್ಕ್ ಕೊಳ್ಳುವ ಮುಂಚೆ ಕಂಪನಿಯ ಆಯುಸ್ಸು ನೋಡುವುದು ಹೇಗೆ

ಕೊಡಗಿನಲ್ಲಿ ಹೋಂಸ್ಟೇ ಇಟ್ಟವರು ಒಬ್ಬರಲ್ಲ ಒಬ್ಬರು ಫೋನ್ ಮಾಡಿ ಕೇಳುತ್ತಿರುತ್ತಾರೆ: "ನಿಮ್ಮ ತೋಟದಲ್ಲಿ ಡಿಸ್ಕ್ ಗಾಲ್ಫ್ ಹಾಕಿದ್ದೀರಲ್ಲ, ನಾವೂ ಹಾಕೋಣ ಅಂತಿದ್ದೇವೆ. ಯಾವ ಕಂಪನಿ ಡಿಸ್ಕ್ ಒಳ್ಳೇದು?" ಒಳ್ಳೆ ಡಿಸ್ಕ್ ಮಾಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ಕೇಳಬೇಕಾದ್ದು ಬೇರೆ. ಇವತ್ತು ತರಿಸಿದ ಡಿಸ್ಕ್ ನಾಲ್ಕು ವರ್ಷ ಬಿಟ್ಟು ಅದೇ ಹೆಸರಲ್ಲಿ, ಅದೇ ಅಚ್ಚಿನಲ್ಲಿ ಮತ್ತೆ ಸಿಗುತ್ತಾ? ಅದನ್ನು ಮಾಡಿದ ಕಂಪನಿ ಆಗ ಇರುತ್ತಾ?

ನಮ್ಮದು ಸುಂಟಿಕೊಪ್ಪದ ಕಡೆ ರೊಬಸ್ಟಾ ತೋಟ. ಸಿಲ್ವರ್ ಓಕ್ ಮರಗಳ ನಡುವೆ ಜೀಪ್ ರಸ್ತೆ ಹಿಡಿದು ಒಂಬತ್ತು ಬುಟ್ಟಿ ನಿಲ್ಲಿಸಿದ್ದೇನೆ. ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಕಂಬದ ತಲೆಯಿಂದ ಸರಪಳಿ ಇಳಿಬಿಟ್ಟಿರುತ್ತದೆ, ಅದರ ಕೆಳಗೆ ಕಬ್ಬಿಣದ ಬುಟ್ಟಿ. ದೂರದಿಂದ ಡಿಸ್ಕ್ ಎಸೆಯುತ್ತಾ ಬಂದು ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಈ ಸರಪಳಿ ಬುಟ್ಟಿಯನ್ನು ಕಂಡುಹಿಡಿದವರು ಅಮೆರಿಕದ ಎಡ್ ಹೆಡ್ರಿಕ್. 1976ರಲ್ಲಿ ಪಿಡಿಜಿಎ ಅನ್ನುವ ಆಟಗಾರರ ಸಂಘ ಕಟ್ಟಿದವರೂ ಅವರೇ. 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ಗೆ ಬೆರೆಸಿ ಡಿಸ್ಕ್ ಮಾಡಿದರು. ನಮ್ಮಲ್ಲಿ ಕಾವೇರಿಗೆ ಬಿಡುತ್ತೇವೆ, ಅವರು ಹಾರಿಕೊಂಡು ಹೋದರು!

ಕಂಪನಿ ಉಳಿಯುವುದು ಬಿಡುವುದು ನಮಗ್ಯಾಕೆ ಅಂತ ಕೇಳಬಹುದು. ಡಿಸ್ಕ್ ಕಾಫಿ ಗಿಡದೊಳಗೆ ಹೋಯಿತು ಅಂದರೆ ಕೆಲವು ಸಲ ಹೋದ ಹಾಗೇ. ಮುಂದಿನ ಕುಯ್ಲಿನಲ್ಲಿ ಕೆಲಸದವರಿಗೆ ಸಿಕ್ಕರೆ ಸಿಕ್ಕಿತು. ಅತಿಥಿಗಳಿಗೆ ಕೊಡುವ ಸೆಟ್ ಎಲ್ಲಾ ಒಂದೇ ತರ ಹಾರಬೇಕು, ಇಲ್ಲದಿದ್ದರೆ ಆಟದಲ್ಲಿ ಜಗಳ ಶುರು. ಕಳೆದುಹೋದ ಡಿಸ್ಕಿನ ಜಾಗಕ್ಕೆ ಅದೇ ಡಿಸ್ಕ್ ಬೇಕು. ಬೇರೆ ಕಂಪನಿಯದು ಹಾರಾಟದ ಅಂಕಿಯಲ್ಲಿ ಒಂದೇ ಇದ್ದರೂ ಕೈಗೆ ಒಂದೇ ತರ ಕೂರುವುದಿಲ್ಲ. ಮೇಲಿಂದ ಇವೆಲ್ಲ ಹೊರದೇಶದಿಂದ ಬರಬೇಕು, ಡಿಸ್ಕಿನ ಬೆಲೆಗಿಂತ ಕೊರಿಯರ್ ಮತ್ತು ಕಸ್ಟಮ್ಸ್ ಖರ್ಚೇ ತಲೆನೋವು. ಹಾಗಾಗಿ ಪದೇ ಪದೇ ಕಂಪನಿ ಬದಲಾಯಿಸುವ ಹಾಗಿಲ್ಲ.

ಇಷ್ಟೊಂದು ಕಂಪನಿ ಯಾಕೆ

1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೇವ್ ಡನಿಪೇಸ್ ಅನ್ನುವವರು ಡಿಸ್ಕಿನ ಅಂಚನ್ನು ಚೂಪಾಗಿ ಇಳಿಜಾರು ಮಾಡಿದರು. ಗಾಳಿ ಸೀಳಿಕೊಂಡು ದೂರ ಹೋಗಲಿ ಅಂತ. ಇನ್ನೋವಾ ಕಂಪನಿ ಹುಟ್ಟಿದ್ದು ಅಲ್ಲಿಂದ. ಅಂಚಿಗೆ ಪೇಟೆಂಟ್ ಇತ್ತು. ಅದರ ಅವಧಿ ಮುಗಿದು ಬಹಳ ಕಾಲವಾಯಿತು. ಈಗ ಯಾರು ಬೇಕಾದರೂ ಅಂಥ ಅಂಚು ಮಾಡಬಹುದು.

ಮಾಡುವುದಕ್ಕೆ ಬೇಕಾದ್ದೂ ದೊಡ್ಡದೇನಲ್ಲ. ಲೋಹದ ಅಚ್ಚು, ಇಂಜೆಕ್ಷನ್ ಮೋಲ್ಡಿಂಗ್ ಮೆಷಿನ್, ಕಾಯಿಸಿ ತಳ್ಳಲು ಪ್ಲಾಸ್ಟಿಕ್ ಹರಳು. ಮೆಷಿನ್ ಇಲ್ಲದಿದ್ದರೆ ಇನ್ನೊಬ್ಬರ ಕಾರ್ಖಾನೆಯಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಳ್ಳಬಹುದು. ಆದರೆ ಬೇರೆ ತರ ಮಾಡಿ ತೋರಿಸಲು ಜಾಗ ಕಡಿಮೆ. ಪಿಡಿಜಿಎ ನಿಯಮದ ಪ್ರಕಾರ ಅಡ್ಡಳತೆ 21 ಸೆಂಟಿಮೀಟರಿಗಿಂತ ಕಡಿಮೆ ಇರಬಾರದು. ಒಂದು ಸೆಂಟಿಮೀಟರ್ ಅಡ್ಡಳತೆಗೆ 8.3 ಗ್ರಾಂಗಿಂತ ಜಾಸ್ತಿ ತೂಕ ಇರಬಾರದು. ಸಾಮಾನ್ಯ ಡಿಸ್ಕ್ ಗರಿಷ್ಠ 175 ಗ್ರಾಂ ಆಸುಪಾಸು ಬಂದು ನಿಲ್ಲುವುದು ಇದರಿಂದಲೇ. ಎಲ್ಲರೂ ಒಂದೇ ಸಣ್ಣ ಗೆರೆಯೊಳಗೆ ಆಡಬೇಕು.

ಇನ್ನೊಂದು ತೊಂದರೆ, ಡಿಸ್ಕ್ ಬೇಗ ಸವೆಯುವುದಿಲ್ಲ. ಒಳ್ಳೆ ಪ್ಲಾಸ್ಟಿಕ್ ಆದರೆ ವರ್ಷಗಟ್ಟಲೆ ಬರುತ್ತದೆ. ಬ್ಯಾಗ್ ತುಂಬಿದವನು ಮತ್ತೆ ಯಾಕೆ ಕೊಳ್ಳುತ್ತಾನೆ? 2020ರಲ್ಲಿ ಕೊರೊನಾ ಬಂದಾಗ ಹೊರಗೆ ಆಡುವ ಆಟ ಅಂತ ಅಮೆರಿಕ, ಯುರೋಪಿನಲ್ಲಿ ಜನ ಮುಗಿಬಿದ್ದರು. ಅಂಗಡಿಗಳಲ್ಲಿ ಡಿಸ್ಕ್ ಸಿಗದ ಹಾಗಾಯಿತು. ಕಂಪನಿಗಳು ಮೆಷಿನ್ ಹೆಚ್ಚಿಸಿದವು, ಹೊಸಬರು ಬಂದರು. ಆ ಬಿಸಿ ಆರಿದ ಮೇಲೆ ಎಲ್ಲರ ಗೋದಾಮೂ ತುಂಬಿತ್ತು.

ಮೊದಲು ನೋಡಬೇಕಾದ್ದು: ಮೆಷಿನ್ ಯಾರದು

ಕುಶಾಲನಗರ ದಾಟಿ ಮಡಿಕೇರಿ ರಸ್ತೆ ಹಿಡಿದರೆ ಸಾಲಾಗಿ ಕಾಫಿಪುಡಿ ಅಂಗಡಿ. ಪ್ಯಾಕೆಟ್ ಮೇಲೆ ಹತ್ತಾರು ಹೆಸರು. ಹುರಿದು ಪುಡಿ ಮಾಡುವ ಮೆಷಿನ್ ಇರುವುದು ಕೆಲವರ ಹತ್ತಿರ ಮಾತ್ರ. ಡಿಸ್ಕಿನ ಕತೆಯೂ ಅದೇ. ಲ್ಯಾಟಿಟ್ಯೂಡ್ 64 ಸ್ವೀಡನ್ನಿನ ಶೆಲೆಫ್ಟಿಯೋ ಊರಿನ ಕಂಪನಿ. ಫಿನ್ಲೆಂಡಿನ ವೆಸ್ಟ್‌ಸೈಡ್, ಅಮೆರಿಕದ ಕಾನ್ಸಾಸ್‌ನ ಡೈನಾಮಿಕ್ ಡಿಸ್ಕ್ಸ್ ಇವರ ಡಿಸ್ಕುಗಳೂ ಬಹುಕಾಲ ಅಲ್ಲೇ ಅಚ್ಚಾದವು. ಮೂರು ಹೆಸರು, ಒಂದೇ ಕಾರ್ಖಾನೆ. ಆಮೇಲೆ ಡೈನಾಮಿಕ್ ಡಿಸ್ಕ್ಸ್ ಅದೇ ಗುಂಪಿನ ಕೈಗೆ ಹೋಯಿತು. ಥಾಟ್ ಸ್ಪೇಸ್ ಅನ್ನುವ ಚಿತ್ರವಿಚಿತ್ರ ಮುದ್ರೆಯ ಡಿಸ್ಕುಗಳನ್ನು ಮಾಡಿಕೊಡುವುದು ಮಿಷಿಗನ್‌ನ ಎಂವಿಪಿ.

ಬಾಡಿಗೆ ಮೆಷಿನ್ ಅಂದರೆ ಕೆಟ್ಟದು ಅಂತಲ್ಲ. ಆದರೆ ನಂಟು ಕಡಿದರೆ ಏನಾಗುತ್ತದೆ ನೋಡಿ. ಡಿಸ್ಕ್‌ಮೇನಿಯಾ ಮೊದಲು ತನ್ನ ಡಿಸ್ಕುಗಳನ್ನು ಇನ್ನೋವಾದಲ್ಲಿ ಮಾಡಿಸುತ್ತಿತ್ತು. ಅಲ್ಲಿಂದ ಹೊರಬಂದ ಮೇಲೆ ಕೆಲವು ಹಳೆ ಹೆಸರುಗಳೇ ಹೊಸ ಅಚ್ಚಿನಲ್ಲಿ ಬಂದವು. ಆಟಗಾರರು ಹಳೆಯದನ್ನು ಹುಡುಕಿ ಹುಡುಕಿ ಕೂಡಿಟ್ಟರು. ನನ್ನಂಥವನಿಗೆ ಅದು ಆಗುವ ಮಾತಲ್ಲ.

ಇದನ್ನು ತಿಳಿಯುವುದಕ್ಕೆ ಡಿಸ್ಕ್ ತಿರುಗಿಸಿ ಹಿಡಿಯಿರಿ. ಮೇಲಿನ ಬಣ್ಣದ ಮುದ್ರೆ ಬಿಸಿ ಹಾಳೆಯಿಂದ ಒತ್ತಿದ್ದು, ಯಾರ ಹೆಸರು ಬೇಕಾದರೂ ಒತ್ತಬಹುದು. ಕೆಳಗಡೆ, ಅಂಚಿನ ಒಳಮೈಯಲ್ಲಿ ಉಬ್ಬಿಕೊಂಡಿರುವ ಅಕ್ಷರ ಅಚ್ಚಿನಲ್ಲೇ ಕೊರೆದದ್ದು. ಹಗಲು ಬೆಳಕಿನಲ್ಲಿ ಓರೆ ಮಾಡಿದರೆ ಓದಲು ಸಿಗುತ್ತದೆ. ಮೇಲಿನ ಹೆಸರಿಗೂ ಕೆಳಗಿನ ಹೆಸರಿಗೂ ಹೊಂದದಿದ್ದರೆ ನಿಜವಾದ ತಯಾರಕ ಸಾಮಾನ್ಯವಾಗಿ ಕೆಳಗಿನವನೇ. ಹಾಗೇ ಹೆಬ್ಬೆರಳನ್ನು ಅಂಚಿನ ಸುತ್ತ ಓಡಿಸಿ. ಅಚ್ಚಿನ ಎರಡು ಭಾಗ ಕೂಡುವಲ್ಲಿ ಸಣ್ಣ ಗೆರೆ ಇರುತ್ತದೆ. ಅದು ಉಗುರಿಗೆ ಸಿಕ್ಕಿ ಹರಿಯುವಷ್ಟು ಎದ್ದಿದ್ದರೆ, ಕೊನೆಯಲ್ಲಿ ನೋಡಿ ಕಳಿಸುವವರು ಇಲ್ಲ ಅಂತ ಅರ್ಥ. ಮಳೆಗಾಲದಲ್ಲಿ ಒದ್ದೆ ಕೈಗೆ ಆ ಗೆರೆ ಕೊಯ್ಯುತ್ತದೆ ಕೂಡ.

ಹಳೆ ಡಿಸ್ಕ್ ಇನ್ನೂ ಮಾರುತ್ತಾರಾ

ನನಗೆ ಇದೇ ದೊಡ್ಡ ಗುರುತು. ಇನ್ನೋವಾದ ಏವಿಯಾರ್ ಅನ್ನುವ ಪಟ್ಟರ್ (ಬುಟ್ಟಿ ಹತ್ತಿರದಿಂದ ಎಸೆಯುವ ಡಿಸ್ಕ್) 1980ರ ದಶಕದಿಂದ ಇದೆ. ಡಿಸ್ಕ್ರಾಫ್ಟ್ ಕಂಪನಿಯ ಬಜ್ ಅನ್ನುವ ಮಿಡ್‌ರೇಂಜ್ (ಮಧ್ಯಮ ದೂರದ ಡಿಸ್ಕ್) 2003ರಿಂದ ಇದೆ. ಇವತ್ತೂ ಹೊಸಬರ ಕೈಗೆ ಕೊಡುವುದು ಇವನ್ನೇ. ಇಂಥ ಒಂದೆರಡು ಡಿಸ್ಕ್ ಕಂಪನಿಯ ಅನ್ನ. ಅಚ್ಚಿನ ಖರ್ಚು ಯಾವತ್ತೋ ಬಂದಾಗಿದೆ, ಈಗ ಬರುವುದೆಲ್ಲ ಲಾಭ.

ಅದರ ಉಲ್ಟಾ, ತಿಂಗಳಿಗೊಂದು ಹೊಸ ಡಿಸ್ಕ್ ಬಿಡುವ ಕಂಪನಿ. ಅವರ ಪಟ್ಟಿಯಲ್ಲಿ ಡಿಸ್ಕ್ ಹೇಗೆ ಹಾರುತ್ತದೆ ಅಂತ ಹೇಳಲು ಸ್ಪೀಡ್, ಗ್ಲೈಡ್, ಟರ್ನ್, ಫೇಡ್ ಅಂತ ನಾಲ್ಕು ಅಂಕಿ ಬರೆದಿರುತ್ತಾರಲ್ಲ, ಕಾಗದದ ಮೇಲೆ ಸಾಲಾಗಿ ಬರೆದುಕೊಳ್ಳಿ. 7, 5, 0, 2 ಅನ್ನುವ ಹಾಗೆ ಒಂದೇ ಅಂಕಿಯ ಡಿಸ್ಕ್ ಮೂರು ನಾಲ್ಕು ಸಿಕ್ಕರೆ ಅನುಮಾನ ಪಡಿ. ಅವರು ಹೊಸ ಆಟಗಾರರಿಗೆ ಮಾರುತ್ತಿಲ್ಲ, ಇರುವವರ ಜೇಬಿಗೇ ಮತ್ತೆ ಮತ್ತೆ ಕೈ ಹಾಕುತ್ತಿದ್ದಾರೆ. 'ಸೀಮಿತ ಮುದ್ರೆ, ಇವತ್ತು ರಾತ್ರಿ ಮಾತ್ರ' ಅನ್ನುವ ಮಾರಾಟವೂ ಇದೇ ಜಾತಿ. ಸಂಗ್ರಹ ಮಾಡುವವರು ಕೊಳ್ಳಲಿ. ತೋಟಕ್ಕೆ ತರಬೇಡಿ.

ಸ್ಟಾರ್ ಆಟಗಾರ ಇದ್ದರೆ ಸಾಕಾ

ಸಾಕಾಗುವುದಿಲ್ಲ. ಪಾಲ್ ಮೆಕ್‌ಬೆತ್ ಇನ್ನೋವಾ ಬಿಟ್ಟು ಡಿಸ್ಕ್ರಾಫ್ಟ್‌ಗೆ ಹೋದರು. 2021ರಲ್ಲಿ ಅವರ ಹತ್ತು ವರ್ಷದ ಒಪ್ಪಂದ ಒಂದು ಕೋಟಿ ಡಾಲರಿನದು ಅಂತ ಸುದ್ದಿಯಾಯಿತು. ಸೈಮನ್ ಲಿಝೋಟ್ ಡಿಸ್ಕ್‌ಮೇನಿಯಾ ಬಿಟ್ಟು ಎಂವಿಪಿಗೆ ಹೋದರು. ಆಟಗಾರ ಹೋದರೆ ಅವನ ಹಿಂದೆ ಗಿರಾಕಿಯೂ ಹೋಗುತ್ತಾನೆ. ದೊಡ್ಡ ಕಂಪನಿ ತಡೆದುಕೊಳ್ಳುತ್ತದೆ. ಮಧ್ಯದ ಕಂಪನಿ ಅಷ್ಟು ದುಡ್ಡು ಕೊಡಲೂ ಆಗದೆ, ಕೊಡದೆ ಇರಲೂ ಆಗದೆ ಒದ್ದಾಡುತ್ತದೆ.

ಅದಕ್ಕಿಂತ ಇನ್ನೊಂದು ಆದಾಯ ಇದೆಯಾ ನೋಡಿ. ಡಿಸ್ಕ್ರಾಫ್ಟ್‌ನ 175 ಗ್ರಾಂ ಅಲ್ಟ್ರಾಸ್ಟಾರ್ ಡಿಸ್ಕನ್ನು ಅಲ್ಟಿಮೇಟ್ ಫ್ರಿಸ್ಬಿ (ಎರಡು ತಂಡ ಡಿಸ್ಕ್ ಎಸೆದು ಹಿಡಿದು ಆಡುವ ಆಟ) ಆಡುವವರು ಎಲ್ಲ ಕಡೆ ಬಳಸುತ್ತಾರೆ. ಬೆಂಗಳೂರಿನ ಹುಡುಗರು ನಮ್ಮಲ್ಲಿಗೆ ಬರುವಾಗ ಅದನ್ನೇ ಬ್ಯಾಗಿನಲ್ಲಿ ತರುತ್ತಾರೆ. ಗಾಲ್ಫ್ ಡಿಸ್ಕ್ ಮಾರಾಟ ಬಿದ್ದರೂ ಆ ಕಡೆಯಿಂದ ದುಡ್ಡು ಬರುತ್ತಿರುತ್ತದೆ. ಇನ್ನೋವಾ ಬುಟ್ಟಿಗಳನ್ನೂ ಮಾರುತ್ತದೆ. ಎಂವಿಪಿಯವರ ದಾರಿ ಬೇರೆ: ನಡುವೆ ಒಂದು ಪ್ಲಾಸ್ಟಿಕ್, ಅಂಚಿಗೆ ಇನ್ನೊಂದು ಭಾರದ ಪ್ಲಾಸ್ಟಿಕ್ ಕೂಡಿಸಿ ಅಚ್ಚು ಹಾಕುತ್ತಾರೆ. ನಕಲು ಮಾಡುವುದು ಕಷ್ಟ, ದೂರದಿಂದ ನೋಡಿದರೂ ಗುರುತು ಸಿಗುತ್ತದೆ.

ಹಾಗಾದರೆ ಯಾರು ಉಳಿಯುತ್ತಾರೆ? ನನ್ನ ಲೆಕ್ಕದಲ್ಲಿ ಸ್ವಂತ ಮೆಷಿನ್, ಹಳೆ ಡಿಸ್ಕ್, ಇನ್ನೊಂದು ಆದಾಯ ಇರುವ ದೊಡ್ಡವರು ಉಳಿಯುತ್ತಾರೆ. ಮನೆಯ ಕೋಣೆಯಲ್ಲಿ ಮುದ್ರೆ ಒತ್ತಿ, ಸಂಬಳದವರನ್ನು ಇಟ್ಟುಕೊಳ್ಳದೆ ಮಾರುವ ಚಿಕ್ಕವರೂ ಉಳಿಯುತ್ತಾರೆ, ಅವರಿಗೆ ಕಳೆದುಕೊಳ್ಳಲು ಏನಿದೆ? ಕೊರೊನಾ ಕಾಲದ ಮಾರಾಟ ನೋಡಿ ಸಾಲ ಮಾಡಿ ಗೋದಾಮು ಕಟ್ಟಿದ ನಡುವಿನವರು ಒಂದೋ ಮಾರಿಕೊಳ್ಳುತ್ತಾರೆ, ಇಲ್ಲ ಬಾಗಿಲು ಹಾಕುತ್ತಾರೆ.

ಏನು ತರಿಸಬೇಕು

ಮೊದಲ ಸಲ ಪಟ್ಟರ್ ಮತ್ತು ಮಿಡ್‌ರೇಂಜ್ ಎರಡೇ ಸಾಕು. ಡ್ರೈವರ್ (ದೂರ ಎಸೆಯುವ ಡಿಸ್ಕ್) ಬಲಗೈಯಲ್ಲಿ ಎಸೆಯುವ ಹೊಸಬರಿಗೆ ಎಡಕ್ಕೆ ತಿರುಗಿ ನೇರ ಗಿಡದೊಳಗೆ ಹೋಗುತ್ತದೆ. ಹಾಕಿ ಆಡಿ ಮಣಿಕಟ್ಟು ಪಳಗಿದವರು ಕೇಳಿದರೆ ಮಾತ್ರ ಕೊಡಿ, ನಮ್ಮ ಕಡೆ ಅವರೇನು ಕಮ್ಮಿ ಇಲ್ಲ. ಎರಡು ಬೇರೆ ಬೇರೆ ಕಾರ್ಖಾನೆಯಿಂದ ತರಿಸಿ. ಬೇರೆ ಹೆಸರು ಅಂತ ಅಲ್ಲ, ಬೇರೆ ಕಾರ್ಖಾನೆ. ಪಟ್ಟರ್ ಕಡಿಮೆ ಬೆಲೆಯ ಪ್ಲಾಸ್ಟಿಕ್‌ದೇ ಇರಲಿ, ಒದ್ದೆಯಲ್ಲಿ ಹಿಡಿತ ಅದರದ್ದೇ ಚೆನ್ನ. ಮಿಡ್‌ರೇಂಜ್ ಗಟ್ಟಿ ಪ್ಲಾಸ್ಟಿಕ್ ತನ್ನಿ, ಸಿಲ್ವರ್ ಓಕ್ ಕಾಂಡಕ್ಕೆ ಬಡಿದು ಬಡಿದು ಅಗ್ಗದ್ದು ಬೇಗ ಅಂಚು ಕೆಡುತ್ತದೆ. ಮಕ್ಕಳಿಗೆ 150 ಗ್ರಾಂ ಆಸುಪಾಸಿನದು ಇರಲಿ.

ಬಣ್ಣದ ವಿಷಯ ಯಾವ ಕಂಪನಿಯೂ ಹೇಳುವುದಿಲ್ಲ. ಹಸಿರು ಯಾವತ್ತೂ ಬೇಡ. ಬಿಳಿ, ಹೂಮಳೆ ಬಿದ್ದು ತೋಟ ಪೂರ್ತಿ ಹೂ ಬಿಟ್ಟಾಗ ಕಣ್ಣೆದುರೇ ಮಾಯ. ಕೆಂಪು, ಹಣ್ಣಾಗುವ ಕಾಲಕ್ಕೆ ಕಷ್ಟ. ಹಳದಿ, ಕಿತ್ತಳೆ ಒಣಗಿದ ಎಲೆಯಲ್ಲಿ ಸೇರಿಹೋಗುತ್ತದೆ. ಗಾಢ ಗುಲಾಬಿ ಮತ್ತು ತಿಳಿ ನೀಲಿ ವರ್ಷಪೂರ್ತಿ ಕಾಣುತ್ತದೆ. ಆರ್ಡರ್ ಹಾಕುವಾಗ ಬಣ್ಣ ಬರೆದೇ ಹಾಕಿ. ಸುಮ್ನೆ ಬಿಟ್ಟರೆ ಅವರಿಗೆ ಮಾರಾಟವಾಗದೆ ಉಳಿದ ಬಣ್ಣ ಕಳಿಸುತ್ತಾರೆ.

ನನ್ನ ತಂಗಿ ಮಗ ಪೀಣ್ಯದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸದಲ್ಲಿದ್ದಾನೆ. ಇದನ್ನೆಲ್ಲ ಕೇಳಿ, "ಮಾವ, ನಾವೇ ಡಿಸ್ಕ್ ಮಾಡಿಬಿಡೋಣ, ಕೊಡಗಿನ ಹೆಸರಿಟ್ಟು" ಅಂದ. ಅಚ್ಚು ಮಾಡಿಸಲು ಲಕ್ಷಗಟ್ಟಲೆ, ಆಮೇಲೆ ಪಿಡಿಜಿಎಗೆ ಮಾದರಿ ಕಳಿಸಿ ಒಪ್ಪಿಗೆ ಪಡೆಯಬೇಕು, ಅಷ್ಟು ಮಾಡಿ ಕೊಳ್ಳುವವರು ಯಾರು ಅಂತ ಕೇಳಿದೆ. "ಬುಟ್ಟಿ ಮಾಡು" ಅಂದೆ. ಬುಟ್ಟಿ ಭಾರ. ಹಡಗಿನಲ್ಲಿ ತರಿಸಿದರೆ ಸಾಗಣೆಗೇ ಸರಿಹೋಗುತ್ತದೆ, ಆದ್ದರಿಂದ ಇಲ್ಲೇ ಮಾಡಿದವನಿಗೆ ಗೆಲ್ಲುವ ಜಾಗ ಇದೆ. ನನ್ನ ಒಂಬತ್ತೂ ಕುಶಾಲನಗರದ ವೆಲ್ಡಿಂಗ್ ಅಂಗಡಿಯಲ್ಲಿ ಆದದ್ದೇ.

ನೀವು ಮಾಡಿಸುವುದಾದರೆ ಪೈಪು, ಸರಪಳಿ ಎರಡೂ ಸತು ಲೇಪ ಇರುವುದನ್ನೇ ಹೇಳಿ. ಬರೀ ಪೇಂಟ್ ಹೊಡೆದದ್ದು ನಮ್ಮ ಒಂದು ಮಳೆಗಾಲಕ್ಕೆ ತುಕ್ಕು. ಕಂಬವನ್ನು ಕಾಂಕ್ರೀಟಿನಲ್ಲಿ ಹೂಳಬೇಡಿ. ದಪ್ಪ ಪೈಪೊಂದನ್ನು ನೆಲದಲ್ಲಿ ಹುಗಿದು ಅದರೊಳಗೆ ಕಂಬ ಇಳಿಸಿ. ಆನೆ ಓಡಾಡುವ ಕಾಲದಲ್ಲಿ ಸಂಜೆ ಎತ್ತಿ ಶೆಡ್ಡಿಗೆ ಹಾಕಬಹುದು, ಮರಕಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡಿಸುವಾಗಲೂ ಅಷ್ಟೇ.