ಜೋಡ್ ಮನೆಯವರ ಜಮಾ-ಖರ್ಚು

ಸ್ಟೈನ್‌ಬೆಕ್‌ನ ‘ದಿ ಗ್ರೇಪ್ಸ್ ಆಫ್ ರಾತ್’ (1939) ಕಾದಂಬರಿಯನ್ನು ಜಮಾ-ಖರ್ಚಿನ ಹಾಳೆ ಇಟ್ಟುಕೊಂಡು ಚರ್ಚಿಸೋಣ ಎಂದಾಗ ನಮ್ಮ ಓದುಗರ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ಸಾಹಿತ್ಯವನ್ನು ಕಿರ್ದಿ ಪುಸ್ತಕ ಮಾಡ್ತೀರಾ ಎಂದರು. ಈಗ ಬೇರೆ ಕಾದಂಬರಿಗೂ ಅವರೇ ಹಾಳೆ ಕೇಳುತ್ತಾರೆ.

ಅಮೆರಿಕದ ಒಕ್ಲಹೋಮಾದಲ್ಲಿ ಜಮೀನು ಕಳೆದುಕೊಂಡು, ಕೂಲಿ ಹುಡುಕಿ ಕ್ಯಾಲಿಫೋರ್ನಿಯಾಕ್ಕೆ ಹೊರಡುವ ಜೋಡ್ ಮನೆಯವರ ಕಥೆ ಇದು. ಬಡತನದ ಕಥೆಯ ಚರ್ಚೆ ‘ಅಯ್ಯೋ ಪಾಪ’ ಅನ್ನುವಲ್ಲಿಗೆ ನಿಂತುಬಿಡುತ್ತದೆ. ಪಾತ್ರ ಹಂಚಿ ಓದಿಸಿದರೆ ಎಲ್ಲರಿಗೂ ಅಮ್ಮನ ಪಾತ್ರವೇ ಬೇಕು. ಸಂಕೇತಗಳ ಪಟ್ಟಿ ಕೊಟ್ಟರೆ ಮೂರನೇ ಅಧ್ಯಾಯದ ಆಮೆಯಲ್ಲೇ ಹೊತ್ತು ಕಳೆಯುತ್ತದೆ.

30 ಅಧ್ಯಾಯಗಳನ್ನು ನಾಲ್ಕು ಕೂಟಗಳಿಗೆ ಹೀಗೆ ಹಂಚುತ್ತೇನೆ: 1–11, 12–18, 19–26, 27–30. ಮೂರನೆಯದಕ್ಕೆ ಎರಡು ಗಂಟೆ ಬೇಕೇ ಬೇಕು. ಹಾಳೆಯಲ್ಲಿ ನಾಲ್ಕು ಕಾಲಂ: ಬಂದದ್ದು, ಹೋದದ್ದು, ಉಳಿದದ್ದು, ಖರ್ಚಿಗೆ ‘ಹೂಂ’ ಅಂದವರು. ಕೊನೆಯದು ನನ್ನ ಸೇರ್ಪಡೆ. ಮನೆಯ ಯಜಮಾನಿಕೆ ಅಪ್ಪನ ಕೈಯಿಂದ ಅಮ್ಮನ ಕೈಗೆ ಹೋಗುವುದು ಅಲ್ಲೇ ಗೊತ್ತಾಗುವುದು. ಮೊದಲ ನಮೂದು, ಮನೆ ಸಾಮಾನು ಮಾರಿ ಬಂದ 18 ಡಾಲರ್. ಹೊರಡುವಾಗ ಕೈಯಲ್ಲಿದ್ದದ್ದು ನೂರೈವತ್ತರ ಆಸುಪಾಸು.

ಕಾದಂಬರಿ ಹೇಳದ ಮೊತ್ತವನ್ನು ಖಾಲಿ ಬಿಡಿ. ಊಹೆ ತುಂಬಿದರೆ ಹಾಳೆ ಕೆಟ್ಟಿತು. ಸೆಂಟುಗಳನ್ನು ಇವತ್ತಿನ ಹಣಕ್ಕೆ ಪರಿವರ್ತಿಸಲೂ ಬಿಡಬೇಡಿ. ಎಲ್ಲರೂ ಮೊಬೈಲ್ ತೆಗೆಯುತ್ತಾರೆ, ಹಣದುಬ್ಬರದ ಜಗಳ ಶುರುವಾಗುತ್ತದೆ, ಪುಸ್ತಕ ಮುಚ್ಚಿರುತ್ತದೆ. ನಾನು ಪೀಚ್ ಹಣ್ಣಿನ ಪೆಟ್ಟಿಗೆಯನ್ನೇ ನಾಣ್ಯ ಮಾಡಿಕೊಂಡೆ. 26ನೇ ಅಧ್ಯಾಯದಲ್ಲಿ ಪೆಟ್ಟಿಗೆಗೆ 5 ಸೆಂಟ್ ಕೂಲಿ; ಮನೆಮಂದಿಯೆಲ್ಲ ಸೇರಿ ಕಿತ್ತ 20 ಪೆಟ್ಟಿಗೆಗೆ ಒಂದು ಡಾಲರ್. ತೋಟದ ಅಂಗಡಿಯಲ್ಲಿ ಎರಡು ಪೌಂಡ್ ಕೊಚ್ಚಿದ ಮಾಂಸಕ್ಕೆ 8 ಪೆಟ್ಟಿಗೆ, ಬ್ರೆಡ್ಡಿಗೆ 3, ಆಲೂಗಡ್ಡೆಗೆ 5, ಕಾಫಿಗೆ 4. ಅಲ್ಲಿಗೆ ಇಪ್ಪತ್ತೂ ಖಾಲಿ, ಸಕ್ಕರೆಗೆ ಏನೂ ಇಲ್ಲ. ಅದೇ ತೋಟದ ಕೂಲಿಗಾರರ ಮುಷ್ಕರ ಮುರಿದ ಮೇಲೆ ಕೂಲಿ ಎರಡೂವರೆ ಸೆಂಟ್. ಅದೇ ಊಟಕ್ಕೆ 40 ಪೆಟ್ಟಿಗೆ. ಈ ಕೂಡಿಕೆಯನ್ನು ಓದುಗರೇ ಮಾಡಲಿ, ನೀವು ಬಾಯಿಬಿಡಬೇಡಿ. ಕೂಲಿ ಬಿದ್ದದ್ದೇಕೆ ಎಂದು ಕೇಳಿದವರನ್ನು 16ನೇ ಅಧ್ಯಾಯಕ್ಕೆ ಕಳಿಸಿ: 800 ಆಳು ಬೇಕಾದವನು ‘ಕೆಲಸವಿದೆ ಬನ್ನಿ’ ಎಂಬ 5000 ಕರಪತ್ರ ಅಚ್ಚು ಹಾಕಿಸುವ ಲೆಕ್ಕ ಅಲ್ಲಿದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅಂಗಡಿಯ ಗುಮಾಸ್ತ ಸಕ್ಕರೆಗೆಂದು ತನ್ನ ಜೇಬಿನಿಂದ 10 ಸೆಂಟ್ ಹಾಕುತ್ತಾನಲ್ಲ, 15ನೇ ಅಧ್ಯಾಯದಲ್ಲಿ ರಸ್ತೆಬದಿ ಹೋಟೆಲಿನ ಮೇ ಎಂಬಾಕೆ 15 ಸೆಂಟಿನ ಬ್ರೆಡ್ಡನ್ನು ಹತ್ತಕ್ಕೆ ಕೊಡುತ್ತಾಳಲ್ಲ, ಅಂಥವಕ್ಕೆ ಐದನೇ ಕಾಲಂ. ಅರ್ಧಂಬರ್ಧ ಗೆದ್ದಿತು. ಗುಮಾಸ್ತನದು ದಾನವೋ ಸಾಲವೋ ಎಂಬಲ್ಲಿ ಚರ್ಚೆ ಚೆನ್ನಾಗಿ ಕಾವೇರುತ್ತದೆ, ಆದರೆ ಮುಂದಿನ ಅಧ್ಯಾಯಕ್ಕೆ ಸಮಯ ಉಳಿಯುವುದಿಲ್ಲ.

30ನೇ ಅಧ್ಯಾಯಕ್ಕೆ ಬರುವಾಗ ಹಾಳೆಗಳನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆಮೇಲೆ ಕೇಳುವ ಒಂದು ಪ್ರಶ್ನೆಯಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಪೂರ್ತಿ ಓದದೆ ಬಂದವರಿಗೆ 26ನೇ ಅಧ್ಯಾಯವೊಂದನ್ನೇ ಓದಿಸಿ ಕೂರಿಸಿದರೂ ಸಾಕು, ಹಾಳೆ ಅವರನ್ನು ಮಾತಿಗೆಳೆಯುತ್ತದೆ.