ಹಳೇ ಹ್ಯಾಂಡಿಕ್ಯಾಮ್ ಕ್ಯಾಸೆಟ್ಟು ಕಂಪ್ಯೂಟರಿಗೆ ಹೋಗೋ ಮುಂಚೆ

ಹೋದ ವಾರ ನಮ್ಮಣ್ಣನ ಮೊಮ್ಮಗ ಹಾಸನದಿಂದ ಸಕಲೇಶಪುರಕ್ಕೆ ಬಂದಿದ್ದ. ಅವರಪ್ಪ ಅಮ್ಮನ ಮದುವೆ ಕ್ಯಾಸೆಟ್ಟನ್ನು ನಮ್ಮ ಹಳೇ ಹ್ಯಾಂಡಿಕ್ಯಾಮಿಗೆ ಹಾಕಿ, ಅದನ್ನು ಟೀವಿಗೆ ಸಿಕ್ಕಿಸಿ, ಟೀವಿ ಎದುರು ಮೊಬೈಲ್ ಹಿಡಿದುಕೊಂಡು ನಿಂತಿದ್ದಾನೆ! ಪರದೆಯಲ್ಲಿ ಧಾರೆ ನಡೀತಿದೆ, ಕಿಟಕಿ ಬೆಳಕು ಬಿದ್ದು ಹೆಣ್ಣಿನ ಮುಖವೇ ಕಾಣ್ತಿಲ್ಲ, ವಾಲಗದ ಜೊತೆ ನಮ್ಮ ಕುಕ್ಕರ್ ಕೂಗಿದ್ದೂ ಸೇರಿಕೊಂಡಿದೆ. "ಎಡಿಟ್ ಮಾಡೋಕೆ ಕಂಪ್ಯೂಟರಿಗೆ ಬೇಕಿತ್ತು ಅಜ್ಜಿ" ಅಂದ. ಇವನೊಬ್ಬನೇ ಅಲ್ಲ, ಹೀಗೆ ಮಾಡೋ ಮಕ್ಕಳನ್ನು ಬೇಕಾದಷ್ಟು ನೋಡಿದ್ದೀನಿ. ತಡೀಲಾರದೆ ಬರೀತಿದ್ದೀನಿ.

ಆ ಮದುವೆ ಕ್ಯಾಸೆಟ್ಟು ಮಿನಿ ಡಿವಿ ಅನ್ನೋ ಜಾತಿಯ ಪುಟ್ಟ ಕ್ಯಾಸೆಟ್ಟು. ಅದರಲ್ಲಿ ಇರೋದು ಆಗಲೇ ಡಿಜಿಟಲ್ ಕಣ್ರಪ್ಪಾ. ಅದನ್ನು ಇದ್ದದ್ದು ಇದ್ದ ಹಾಗೇ ಇಳಿಸಬಹುದು. ಟೀವಿಗೆ ಸಿಕ್ಕಿಸೋ ಹಳದಿ, ಕೆಂಪು, ಬಿಳಿ ವೈರಿನಲ್ಲಿ ತಂದರೂ ಚಿತ್ರ ಒಂದು ಕಳೆ ಕಡಿಮೆಯಾಗುತ್ತೆ, ಇನ್ನು ಮೊಬೈಲಿನ ಮಾತು ಎಲ್ಲಿ ಬಂತು? ಬೇಕಾದ್ದು ಡಿಜಿಟಲ್ ವಿಡಿಯೋವನ್ನು ಹಾಗೇ ಕಂಪ್ಯೂಟರಿಗೆ ಸಾಗಿಸೋ ಫೈರ್‌ವೈರ್ ಅನ್ನೋ ಕೇಬಲ್. ಕ್ಯಾಮೆರಾದ ಮೈಮೇಲೆ ಆ ಕಿಂಡಿಗೆ ಡಿವಿ ಅಂತಲೋ, ಸೋನಿ ಆದರೆ ಐ-ಲಿಂಕ್ ಅಂತಲೋ ಬರೆದಿರುತ್ತೆ. ಕ್ಯಾಮೆರಾ ಕಡೆ 4 ಪಿನ್ನಿನ ಪುಟ್ಟ ತಲೆ, ಕಂಪ್ಯೂಟರ್ ಕಡೆ ಸಾಮಾನ್ಯವಾಗಿ 6 ಪಿನ್ನಿನದು. ಪಕ್ಕದಲ್ಲೇ ಯುಎಸ್‌ಬಿ ಕಿಂಡಿ ಇದೆಯಲ್ಲಾ ಅಂತ ಹಿಗ್ಗಬೇಡಿ, ಬಹಳಷ್ಟು ಕ್ಯಾಸೆಟ್ ಕ್ಯಾಮೆರಾಗಳಲ್ಲಿ ಅದು ಮೆಮೊರಿ ಕಾರ್ಡಿನ ಫೋಟೋಗಷ್ಟೇ. ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ಫೈರ್‌ವೈರ್ ಇರೋ ಅಗ್ಗದ ವೈರನ್ನೂ ತರಬೇಡಿ. ತಲೆ ಸರಿಯಾಗಿ ಕೂರುತ್ತೆ, ವಿಡಿಯೋ ಬರಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಕಿಂಡಿ ಇರಲ್ಲ, ಮನೇಲಿ ಹಳೇ ಡೆಸ್ಕ್‌ಟಾಪ್ ಇದ್ದರೆ ಅದಕ್ಕೊಂದು ಫೈರ್‌ವೈರ್ ಕಾರ್ಡ್ ಹಾಕಿಸಿ. ಕೇಬಲ್ ಸಿಕ್ಕಿಸೋವಾಗ ಎರಡೂ ಆಫ್ ಆಗಿರಲಿ. 6 ಪಿನ್ನಿನಲ್ಲಿ ಕರೆಂಟೂ ಬರುತ್ತೆ, ತಲೆಕೆಳಗು ಮಾಡಿ ಒತ್ತಿದರೆ ಕ್ಯಾಮೆರಾದ ಕಿಂಡಿ ಸುಟ್ಟೇ ಹೋಗುತ್ತೆ. ನಮ್ಮ ನೆಂಟರೊಬ್ಬರ ಕ್ಯಾಮೆರಾ ಹಾಗೇ ಹೋಯ್ತು.

ಇನ್ನು ನಾನು ಯಾವತ್ತೂ ಬಿಡದ ಕೆಲಸ, ಕ್ಯಾಸೆಟ್ಟಿನ ತೇವ ಆರಿಸಿ ಟೇಪು ಸುತ್ತೋದು. ಇದನ್ನು ಮಾಡದೆ ಕ್ಯಾಸೆಟ್ಟನ್ನು ಬೀರುವಿಂದ ತೆಗೆದವರೇ ನೇರ ಕ್ಯಾಮೆರಾಗೆ ತುರುಕೋರನ್ನು ಕಂಡರೆ ನನಗೆ ಮೈ ಉರಿಯುತ್ತೆ. ನಮ್ಮ ಮಲೆನಾಡಿನ ಥಂಡಿ ಗೊತ್ತಲ್ಲ, ಜೂನಿನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೂ ಬೂಸ್ಟು ಹಿಡಿಯೋ ಊರು. ಟೇಪಿನ ಅಗಲ 6.35 ಮಿಲಿಮೀಟರ್, ಅಂದರೆ ಕಾಲು ಅಂಗುಲ. ತೇವ ಇದ್ದರೆ ಅದು ಒಳಗೆ ತಿರುಗೋ ಡ್ರಮ್ಮಿಗೆ ಅಂಟಿಕೊಂಡು ಸುಕ್ಕಾಗುತ್ತೆ. ಸುಕ್ಕಾದ ಕಡೆ ಚಿತ್ರ ಹೋಯ್ತು ಅಂತಲೇ ಲೆಕ್ಕ. ಕ್ಯಾಮೆರಾ ಪರದೆ ಮೇಲೆ ನೀರಿನ ಹನಿ ಗುರುತು ಬಂದರೆ ಇದೇ ಅರ್ಥ, ಆಗ ಜಗ್ಗಾಡದೆ ಗಂಟೆಗಟ್ಟಲೆ ಬಿಟ್ಟುಬಿಡಬೇಕು.

ಅದಕ್ಕೇ ಹಿಂದಿನ ದಿನವೇ ಕ್ಯಾಸೆಟ್ಟು, ಕ್ಯಾಮೆರಾ ಎರಡನ್ನೂ ಹೊರಗೆ ತೆಗೆದು ಒಂದೇ ಕೋಣೆಯಲ್ಲಿ ಇಡಿ. ನಾನು ಅಗಲ ಬಾಯಿಯ ಸ್ಟೀಲ್ ಡಬ್ಬಿ ತಗೊಂಡು, ಹೊಸ ಬ್ಯಾಗು ಚಪ್ಪಲಿ ಜೊತೆ ಬರೋ ಸಿಲಿಕಾ ಪೊಟ್ಟಣ ಒಂದು ಹಿಡಿಯಷ್ಟು ತಳಕ್ಕೆ ಹಾಕಿ, ಮೇಲೆ ಒಗೆದು ಒಣಗಿಸಿದ ಹತ್ತಿ ಬಟ್ಟೆ ಹಾಸಿ, ಕ್ಯಾಸೆಟ್ಟನ್ನು ನಿಲ್ಲಿಸಿ ಮುಚ್ಚಳ ಹಾಕಿ ರಾತ್ರಿಯೆಲ್ಲ ಬಿಡ್ತೀನಿ. ಅಕ್ಕಿ ಡಬ್ಬಿಗೆ ಹಾಕಬೇಡಿ, ಅಕ್ಕಿಯ ಹೊಟ್ಟು ಟೇಪಿನೊಳಗೆ ಸೇರುತ್ತೆ. ಬಿಸಿಲಿಗಂತೂ ಇಡಲೇಬೇಡಿ, ಅದೇನು ಹಪ್ಪಳವೇ? ಬೆಳಿಗ್ಗೆ ಕ್ಯಾಮೆರಾಗೆ ಚಾರ್ಜರ್ ಕೊಟ್ಟು, ಬ್ಯಾಟರಿ ನಂಬದೆ, ಟೇಪನ್ನು ಕೊನೇವರೆಗೂ ಮುಂದಕ್ಕೆ ಓಡಿಸಿ, ಮತ್ತೆ ಮೊದಲಿನವರೆಗೂ ಹಿಂದಕ್ಕೆ ಸುತ್ತಿ. ನಡುವೆ ನಿಲ್ಲಿಸಬೇಡಿ. ವರ್ಷಗಟ್ಟಲೆ ಮಲಗಿದ ಟೇಪು ಒಂದು ಕಡೆ ಸಡಿಲ, ಒಂದು ಕಡೆ ಬಿಗಿ ಇರುತ್ತೆ, ಸುತ್ತಿದಾಗ ಹದಕ್ಕೆ ಬರುತ್ತೆ. ನಾನು ಎರಡು ಸಲ ಸುತ್ತುತ್ತೀನಿ. ಆಗ ಕಿವಿ ಕೊಟ್ಟು ಕೇಳಿ: ಒಂದೇ ಸಮನೆ ಗುಂಯ್ ಅಂದರೆ ಸರಿ, ಎಳೆದು ಎಳೆದು ಕಿರ್ ಅಂದರೆ ತಕ್ಷಣ ನಿಲ್ಲಿಸಿ ಮತ್ತೊಂದು ರಾತ್ರಿ ಡಬ್ಬಿಯಲ್ಲಿಡಿ.

ರೇಷ್ಮೆ ಸೀರೆಗೂ ಇದೇ ಮಾತು. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಗೆ ಮಡಿಸದಿದ್ದರೆ ಮಡಿಕೆಯಲ್ಲೇ ಜರಿ ಕಡಿಯುತ್ತೆ. ನನ್ನ ಸೊಸೆ ಧಾರೆ ಸೀರೆಯನ್ನು ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟಿದ್ದಳು. ನಾನೇ ಹಳೇ ಪಂಚೆಯಲ್ಲಿ ಸುತ್ತಿಟ್ಟೆ.

ಕ್ಯಾಸೆಟ್ಟಿನ ಬೆನ್ನಿಗೆ ಪುಟ್ಟದೊಂದು ಗುಂಡಿ ಇದೆ, ಸುತ್ತೋಕೆ ಅಂತ ಒಳಗೆ ಹಾಕೋ ಮುಂಚೆಯೇ ಅದನ್ನು ಸೇವ್ ಕಡೆಗೆ ಸರಿಸಿ, ಆಗ ಅದರ ಮೇಲೆ ಹೊಸದು ರೆಕಾರ್ಡ್ ಆಗಲ್ಲ. 2005ರಲ್ಲಿ ನಮ್ಮನೆಯವರು ಬೇಲೂರಿನ ತೇರನ್ನು ಜನರ ನಡುವೆ ನಿಂತು ತೆಗೆದಿದ್ದರು. ಆಮೇಲೆ ಮನೆಗೆ ಬಂದ ಹುಡುಗನೊಬ್ಬ ಗೊತ್ತಾಗದೆ ಕ್ಯಾಮೆರಾದ ಕೆಂಪು ರೆಕಾರ್ಡ್ ಗುಂಡಿ ಒತ್ತಿದ. ತೇರು ಹೊರಟಿದ್ದೇ ಚಿತ್ರ ಹೋಗಿ ಹತ್ತು ಸೆಕೆಂಡು ನಮ್ಮ ಜಗುಲಿಯ ನೆಲ ಬರುತ್ತೆ. ಅವರು ಹೋಗಿ ಆರು ವರ್ಷ ಆಯ್ತು, ಆ ಹತ್ತು ಸೆಕೆಂಡು ಬಂದಾಗಲೆಲ್ಲ ನನಗೆ ಇನ್ನೂ ಸಂಕಟ ಆಗುತ್ತೆ.

ಆಮೇಲಿನದು ಸುಲಭ. ಕ್ಯಾಮೆರಾ ಪ್ಲೇ ಕಡೆ ಇರಲಿ, ರೆಕಾರ್ಡ್ ಕಡೆ ಅಲ್ಲ. 60 ನಿಮಿಷದ ಟೇಪು ಇಳಿಯೋಕೆ 60 ನಿಮಿಷವೇ ಬೇಕು. ಅವಸರ ಇದ್ದರೆ ಆ ದಿನ ಕೂರಲೇಬೇಡಿ. ಗಂಟೆಗೆ ಸುಮಾರು 13 ಜಿಬಿ ಜಾಗ ತಿನ್ನುತ್ತೆ, ಪೆನ್‌ಡ್ರೈವಿಗೆ ನೇರ ಇಳಿಸೋಕೆ ಹೋಗದೆ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೇ ಇಳಿಸಿ. ಆ ಹೊತ್ತಿನಲ್ಲಿ ಅದರಲ್ಲಿ ಯೂಟ್ಯೂಬ್ ನೋಡಬೇಡಿ, ನಡುನಡುವೆ ಫ್ರೇಮು, ಅಂದರೆ ಒಂದೊಂದು ಚಿತ್ರ, ಬಿಟ್ಟುಹೋಗುತ್ತೆ. ಮಳೆಗಾಲದ ಕರೆಂಟ್ ನಂಬಬೇಡಿ, ಯುಪಿಎಸ್ ಇರಲಿ. ಇಳಿಸೋಕೆ ವಿನ್‌ಡಿವಿ ಅನ್ನೋ ಪುಟ್ಟ ಪ್ರೋಗ್ರಾಮ್ ಸಾಕು. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಪಾಲ್ (ನಮ್ಮ ದೇಶದ ಟೀವಿ ಪದ್ಧತಿ), ಚಿತ್ರದ ಅಳತೆ 720 ಇಂಟು 576, ಸೆಕೆಂಡಿಗೆ 25 ಫ್ರೇಮು, ಫೀಲ್ಡ್ (ಚಿತ್ರದ ಗೆರೆಗಳ ಸರದಿ) ಲೋಯರ್ ಫಸ್ಟ್ ಅಂತ ಕೊಡಿ. ಹಾಗೆ ಕೊಡದೇ ಇದ್ದರೆ ಕೈ ಆಡಿಸಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಬರುತ್ತೆ. ಹಳೇ ಟೀವಿಯ 4:3 ಆಕಾರದಲ್ಲಿ ತೆಗೆದದ್ದನ್ನು ಪರದೆ ತುಂಬಲಿ ಅಂತ ಎಳೆಯಬೇಡಿ. ನಮ್ಮತ್ತಿಗೆ ಅಷ್ಟು ದಪ್ಪ ಇರಲಿಲ್ಲ.

ಚಿತ್ರದಲ್ಲಿ ಚೌಕ ಚೌಕ ಒಡೆದರೆ ಟೇಪನ್ನು ಓದೋ ಹೆಡ್ಡಿಗೆ ಕೊಳೆ ಕೂತಿದೆ. ಕ್ಲೀನಿಂಗ್ ಕ್ಯಾಸೆಟ್ಟು ಹತ್ತು ಸೆಕೆಂಡು ಓಡಿಸಿದರೆ ಸಾಕು, ಜಾಸ್ತಿ ಉಜ್ಜಿದರೆ ಹೆಡ್ಡೇ ಸವೆಯುತ್ತೆ.

ಕಾರ್ಡಿನ ಕ್ಯಾಮೆರಾ ಇದ್ದವರಿಗೆ ಒಂದೇ ಮಾತು. 2006ರಿಂದೀಚೆಗೆ ಬಂದ, ಎವಿಸಿಎಚ್‌ಡಿ ಅನ್ನೋ ಬಗೆಯಲ್ಲಿ ವಿಡಿಯೋ ಉಳಿಸೋ ಕ್ಯಾಮೆರಾಗಳಲ್ಲಿ ಸ್ಟ್ರೀಮ್ ಅನ್ನೋ ಫೋಲ್ಡರಿನ ಎಂಟಿಎಸ್ ಫೈಲುಗಳನ್ನಷ್ಟೇ ಕಿತ್ತು ತರಬೇಡಿ, ಕಾರ್ಡಿನಲ್ಲಿರೋ ಫೋಲ್ಡರುಗಳನ್ನೆಲ್ಲ ಇದ್ದ ಹಾಗೇ ಕಾಪಿ ಮಾಡಿ. ಉದ್ದದ ಚಿತ್ರೀಕರಣ ಹಲವು ತುಂಡಾಗಿರುತ್ತೆ. ಬಿಡಿಬಿಡಿಯಾಗಿ ತಂದು ಜೋಡಿಸಿದರೆ ಬೆಸುಗೆಯಲ್ಲಿ ಮಾತು ಕತ್ತರಿಸುತ್ತೆ.

ಆ ಹುಡುಗನನ್ನು ಮಾರನೇ ದಿನವೂ ಉಳಿಸಿಕೊಂಡೆ. ಡಬ್ಬಿಯಿಂದ ತೆಗೆದು, ಎರಡು ಸಲ ಸುತ್ತಿ, ಕೇಬಲ್ ಸಿಕ್ಕಿಸಿ ಕೂತೆವು. ಧಾರೆ ಹೊತ್ತಿಗೆ ನಮ್ಮತ್ತಿಗೆ ಸೆರಗು ಸರಿ ಮಾಡಿಕೊಂಡಾಗ ಬಳೆ ಸದ್ದು ಕೂಡ ಕೇಳಿಸಿತು. ಅವನು ಎರಡು ಕಾಪಿ ಮಾಡಿಕೊಂಡ, ಒಂದನ್ನು ನನಗೆ ಕೊಟ್ಟ. ಕ್ಯಾಸೆಟ್ಟನ್ನು ಎಸೀತೀನಿ ಅಂದದ್ದಕ್ಕೆ ಬೈದು, ಪೂರ್ತಿ ಹಿಂದಕ್ಕೆ ಸುತ್ತಿಸಿ, ಪುಸ್ತಕದ ಹಾಗೆ ನಿಲ್ಲಿಸಿ ಬೀರುವಿನ ಮೇಲಿನ ಖಾನೆಯಲ್ಲಿ ಇಡಿಸಿದ್ದೀನಿ.